ಸತ್ತ ಮೇಲೆ ಹುಟ್ಟಿದ ರಾಜ

ಓಡೈಪಟ್ಟಿಯಲ್ಲಿರುವ ನನ್ನ ಸೋದರತ್ತೆಗೆ ಈಗ ಎಪ್ಪತ್ತೈದು ದಾಟಿದೆ. ಅಪ್ಪನ ದೊಡ್ಡಕ್ಕ. ಆಕೆ ಜೀವನದಲ್ಲಿ ಮೊಟ್ಟಮೊದಲು ನೋಡಿದ ಸಿನಿಮಾದ ಕಥೆಯನ್ನು ನಾನು ಅಂಬೆಗಾಲಿಡುತ್ತಿದ್ದ ದಿನಗಳಿಂದ ಕೇಳುತ್ತ ಬಂದಿದ್ದೇನೆ. ಕಥೆ ಇಷ್ಟು: ಒಬ್ಬ ರಾಜ ಯುದ್ಧದಲ್ಲಿ ಬಾಣ ತಗುಲಿ ಸಾಯುತ್ತಾನೆ. ಸತ್ತ ಮೇಲೆ ಎದ್ದು ಮದುವೆಯಾಗುತ್ತಾನೆ. ಮದುವೆಯಾದ ಮೇಲೆ ಆ ಹುಡುಗಿಯನ್ನು ಮೊದಲ ಸಲ ನೋಡಿ ಮರುಳಾಗುತ್ತಾನೆ. ಆಮೇಲೆ ಗುರುಗಳ ಹತ್ತಿರ ಹೋಗಿ ಬಿಲ್ಲು ಹಿಡಿಯುವುದನ್ನು ಕಲಿಯುತ್ತಾನೆ. ಕೊನೆಗೆ ಹುಟ್ಟಿ, ಚಿನ್ನದ ತೊಟ್ಟಿಲಲ್ಲಿ ಕಾಲಾಡಿಸುತ್ತ ನಗುತ್ತಾನೆ. ಊರವರೆಲ್ಲ ಸಂತೋಷದಿಂದ ಎದ್ದು ಮನೆಗೆ ಹೋಗುತ್ತಾರೆ.

ಇದಕ್ಕಿಂತ ನಂಬಲಾಗದ ಸಂಗತಿ ಇನ್ನೊಂದಿತ್ತು. ಆ ರಾಜ ನಮ್ಮ ಮಾತು ಆಡಿದನಂತೆ.

ನಮ್ಮ ಮಾತು ಅಂದರೆ ಕನ್ನಡ. ನಮ್ಮ ಹಿರೀಕರು ತಮಿಳುನಾಡಿನ ಈ ಕಂಬಂ ಕಣಿವೆಗೆ ಯಾವ ಕಾಲದಲ್ಲಿ ಬಂದರು, ಯಾಕೆ ಬಂದರು ಎಂಬುದಕ್ಕೆ ಮನೆಗೊಂದು ಕಥೆಯಿದೆ. ಬಂದವರು ಉಳುತ್ತ ಬಿತ್ತುತ್ತ ಇಲ್ಲೇ ನಿಂತರು. ಶಾಲೆ, ಬಸ್ಸು, ಸಂತೆ, ದೇವಸ್ಥಾನ, ಸಿನಿಮಾ ಎಲ್ಲ ತಮಿಳು. ಕನ್ನಡ ಇದ್ದದ್ದು ಎಮ್ಮೆ ಹೊಡೆಯುವುದಕ್ಕೆ, ಮಕ್ಕಳನ್ನು ಬೈಯುವುದಕ್ಕೆ, ಅಜ್ಜಿಯರ ಗುಸುಗುಸುವಿಗೆ. ಅದಕ್ಕೆ ಕನ್ನಡ ಎಂಬ ಹೆಸರಿದೆ ಎಂದೂ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಅದಕ್ಕೆ ಅಕ್ಷರಗಳಿವೆ ಎಂದು ನನಗೆ ಗೊತ್ತಾದದ್ದೇ ಮೂವತ್ತು ದಾಟಿದ ಮೇಲೆ. ಸೊಳ್ಳೆಬತ್ತಿಯ ಡಬ್ಬಿಯ ಮೇಲೆ ತಮಿಳಿನ ಕೆಳಗೆ ಅಚ್ಚಾಗಿದ್ದ ಸಾಲುಗಳನ್ನು ಜೋಡಿಸಿ ಜೋಡಿಸಿ ನಾನು ಓದಲು ಕಲಿತೆ. ನಾನು ತಡವರಿಸದೆ ಓದಿದ ಮೊದಲ ಕನ್ನಡ ವಾಕ್ಯ 'ಮಕ್ಕಳ ಕೈಗೆ ಸಿಗದಂತೆ ಇಡಿ' ಎಂಬುದು. ಆ ದಿನ ಅದನ್ನು ಇಪ್ಪತ್ತು ಸಲ ಗಟ್ಟಿಯಾಗಿ ಓದಿ ಕುಣಿದಾಡಿದ್ದೆ.

ಕಳೆದ ವರ್ಷ ದ್ರಾಕ್ಷಿ ಕಟಾವಿನ ಸಮಯದಲ್ಲಿ ಅತ್ತೆಯ ಮನೆಗೆ ಹೋಗಿದ್ದೆ. ಚಪ್ಪರದ ಕೆಳಗೆ ಗೋಣಿಚೀಲ ಹಾಸಿಕೊಂಡು ಅತ್ತೆ ಗೊಂಚಲುಗಳಿಂದ ಒಡೆದ ಹಣ್ಣನ್ನು ಕತ್ತರಿಯಲ್ಲಿ ತೆಗೆಯುತ್ತಿದ್ದಳು. ಆಕೆಯ ಮಗ, ನನಗೆ ಬಾವನಾಗಬೇಕು, ಪೆಟ್ಟಿಗೆಗಳಿಗೆ ಕಾಗದ ಹಾಸುತ್ತಿದ್ದ. ಅವನ ಮಗಳು ಕಾಲೇಜಿಗೆ ರಜೆ ಎಂದು ಬಂದಿದ್ದಳು. ಅವಳು ನಮ್ಮ ಮಾತನ್ನು ಪೂರ್ತಿ ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರ ಮಾತ್ರ ತಮಿಳಿನಲ್ಲಿ ಕೊಡುತ್ತಾಳೆ. ಅವಳೇ ಅಜ್ಜಿಯನ್ನು ಕೆಣಕಿ ಕಥೆ ಶುರು ಮಾಡಿಸಿದಳು.

"ನಂಗೆ ಆವಾಗ ಒಂಬತ್ತು ವರ್ಸ. ಅನುಮಂತನಪಟ್ಟಿ ಕಾಲ್ವೆ ಪಕ್ಕದಾಗೆ ಟೆಂಟು ಆಕಿದ್ರು" ಅಂದಳು ಅತ್ತೆ. ಹನುಮಂತನಪಟ್ಟಿ ಆಕೆಯ ತವರು. ನಮ್ಮಲ್ಲಿ ಹಕಾರ ಯಾರ ಬಾಯಿಗೂ ಬರುವುದಿಲ್ಲ. "ಬಸ್ಸಾಗೆ ಪೆಟ್ಟಿ ಬಂತು. ಏನ್ ಪಡ, ಯಾವ ಸಿನಿಮಾ ಅಂತ ಯಾರಿಗೂ ತಿಳೀದು. ದೀಪ ಆರ್ಸಿದ್ರು. ಒಬ್ಬ ರಾಜ ಗದ್ದುಗೆ ಮ್ಯಾಲೆ ಕುಂತವ್ನೆ. ಅತ್ತ ನೋಡ್ದ, ಇತ್ತ ನೋಡ್ದ. 'ಯಾರಲ್ಲಿ' ಅಂದ. ನಮ್ಮಜ್ಜಿ ನನ್ ಪಕ್ಕ ಮಳಲಾಗೆ ಕುಂತಿದ್ಲು, ಬಾಯ್ ತುಂಬ ವೆತ್ತಲೆ ಅಡಿಕೆ. 'ನಾನ್ ತಾನಪ್ಪಾ, ಏನ್ ಬೇಕು' ಅಂದ್ಳು."

"ರಾಜ ಏನಂದ?" ಎಂದು ಮೊಮ್ಮಗಳು ತಮಿಳಿನಲ್ಲಿ ಕೇಳಿದಳು.

"ಅವ್ನ್ ಏನಂತಾನೆ. ಅವ್ನ ಆಳು ಬಂದು ಕೈಕಟ್ಕೊಂಡು ನಿಂತ. ಅಜ್ಜಿ 'ಸರಿ, ಆಳ್ ಬಂತಲ್ಲ' ಅಂತ ಸುಮ್ಮನಾದ್ಳು. ಅಷ್ಟೊತ್ಗೆ ನಮ್ಮೋರೆಲ್ಲ ಎದ್ ನಿಂತ್ಬುಟ್ರು. ರಾಜ ನಮ್ ಮಾತಾಡ್ತಾವ್ನೆ, ರಾಜ ನಮ್ ಮಾತಾಡ್ತಾವ್ನೆ ಅಂತ. ಪಕ್ಕದ ತಮಿಳ್ ಜನ 'ಎನ್ನ ಸೊನ್ನಾನ್, ಏನಂದ' ಅಂತ ನಮ್ಮನ್ನ ಕೇಳೋರು. ಯಾವತ್ತೂ ನಮ್ಮನ್ನ ಯಾರೂ ಏನೂ ಕೇಳ್ದೋರಲ್ಲ."

ಬಾವ ಕಾಗದ ಹಾಸುತ್ತಲೇ ಹೇಳಿದ: "ಆಮಾ, ಔದೌದು. ಆಮೇಲೆ ರಾಜ ಇಳ್ದು ಬಂದು ನಮ್ಮನೇಲಿ ರಾಗಿ ಕಳಿ ತಿಂದ. ಅದ್ನೂ ಸೇರ್ಸು."

ಅವನ ವಾದ ನನಗೂ ಸರಿಯಾಗಿಯೇ ಕಂಡಿತ್ತು. ಕಂಬಂ ಕಣಿವೆಯ ಟೆಂಟಿಗೆ ಕನ್ನಡ ಸಿನಿಮಾ ಯಾಕೆ ಬರುತ್ತದೆ? ಸಾಯುವುದರಿಂದ ಶುರುವಾಗಿ ಹುಟ್ಟುವುದರಲ್ಲಿ ಮುಗಿಯುವ ಚಿತ್ರವನ್ನು ಯಾರು ತೆಗೆಯುತ್ತಾರೆ? "ಅವ್ವ ಯಾವ್ದೋ ತಮಿಳ್ ಪಡ ನೋಡಿ, ಅಲ್ಲೇ ಮಲಗಿ ಕನಸು ಕಂಡವ್ಳೆ" ಎಂದ ಬಾವ.

ಅತ್ತೆ ಕತ್ತರಿ ಕೆಳಗಿಟ್ಟಳು. "ನಾನ್ ಕಂಡಿದ್ದು ಕಂಡಿದ್ದೇ" ಎಂದಳು. ಊಟಕ್ಕೆ ಕೂತ ಮಗನಿಗೆ ಸಾರು ಬಡಿಸುವಾಗಲೂ ನನ್ನ ಮುಖ ನೋಡಿಕೊಂಡು ಬಡಿಸಿದಳು. ನಾನು ಹೊರಡುವಾಗ ಗೇಟಿನ ತನಕ ಬಂದು ಕೈ ಹಿಡಿದು ಹೇಳಿದಳು: "ನೀನು ಊರೆಲ್ಲಾರ ಕತೆ ಕೂಡಾಕ್ತೀಯಲ್ಲ ತಾಯಿ. ನಂದೂ ಒಂದು ವಿಚಾರ್ಸು. ನಾನು ಉಚ್ಚಿ ಅಲ್ಲ ಅಂತ ಇವ್ನಿಗೆ ಗೊತ್ತಾಗ್ಲಿ."

ಊರವರ ಕಥೆ ಕೂಡಿಹಾಕುತ್ತೇನೆ ಎಂಬುದು ನಿಜ. ದಿಂಡುಗಲ್ಲಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿಯಿದೆ. ಕಣ್ಣು ಪರೀಕ್ಷಿಸುವಾಗ ಮನುಷ್ಯರು ಕತ್ತಲಲ್ಲಿ ಕೂತು, ಗಲ್ಲವನ್ನು ಒಂದು ಕಡೆ ಇಟ್ಟುಕೊಂಡು, ಬೇರೇನೂ ಮಾಡಲಾಗದೆ ಇರುತ್ತಾರೆ. ಆಗ ಒಂದು ಪ್ರಶ್ನೆ ಕೇಳಿದರೆ ಸಾಕು, ಎಂಥೆಂಥವೋ ಹೊರಗೆ ಬರುತ್ತವೆ. ಒಬ್ಬ ಅಜ್ಜಿಯ ಬೀದಿಗೆ ಮೊದಲ ಸಲ ಗ್ರಾಮಫೋನ್ ಬಂದಾಗ, ಹಾಡು ಮುಗಿದ ಮೇಲೆ ಅವರ ತಾಯಿ ಆ ಕೊಳವೆಯ ಮುಂದೆ ಎರಡು ಇಡ್ಲಿ ಇಟ್ಟರಂತೆ, ಇಷ್ಟು ಹೊತ್ತು ಹಾಡಿದವನಿಗೆ ಹಸಿದಿರುತ್ತದೆ ಎಂದು. ಇನ್ನೊಬ್ಬರ ಚಿಕ್ಕಪ್ಪ ಒಂದು ಚಿತ್ರದಲ್ಲಿ ಹೆಣವಾಗಿ ನಟಿಸಿದ್ದ. ಉಸಿರು ಬಿಗಿಹಿಡಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಚಿತ್ರ ಬಿಡುಗಡೆಯಾದ ಮೇಲೆ ಅವನಿಗೆ ಮೂರು ವರ್ಷ ಯಾರೂ ಹೆಣ್ಣು ಕೊಡಲಿಲ್ಲ. ಇಂಥವನ್ನೆಲ್ಲ ನಾನು ಹಳೆಯ ಡೈರಿಗಳಲ್ಲಿ ಬರೆದಿಡುತ್ತೇನೆ.

ಆವತ್ತಿನಿಂದ ಎಪ್ಪತ್ತು ದಾಟಿದ ಯಾರೇ ಬರಲಿ, ಕೆಳಗಿನ ಸಾಲು ಕಾಣುತ್ತದೆಯೇ ಎಂದು ಕೇಳಿದ ಉಸಿರಿನಲ್ಲೇ, ಟೆಂಟಿನಲ್ಲಿ ಎಂದಾದರೂ ತಪ್ಪು ಸಿನಿಮಾ ಬಂದದ್ದುಂಟೇ ಎಂದೂ ಕೇಳಲು ಶುರುಮಾಡಿದೆ. ಎಂಟು ತಿಂಗಳು ಕೇಳಿದೆ. ಕೆಲವರು ನನ್ನನ್ನೇ ಪರೀಕ್ಷಿಸಬೇಕು ಎಂಬಂತೆ ನೋಡಿ ಹೋದರು.

ಒಂದು ಗುರುವಾರ ಬೆಳಿಗ್ಗೆ ಚಿನ್ನಾಳಪಟ್ಟಿಯಿಂದ ಗಂಡ ಹೆಂಡತಿ ಬಂದರು. ಅವರಿಗೆ ಎಂಬತ್ತೇಳು, ಆಕೆಗೆ ಎಂಬತ್ತನಾಲ್ಕು. ಅವರು ಎತ್ತರ, ಆಕೆ ಅವರ ಮೊಣಕೈಗೆ ಬರುತ್ತಿದ್ದರು. ಹೆಂಡತಿಯ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಏರಿಸಿ ಗಾಜು ಬದಲಾಯಿಸುತ್ತ, ಪಕ್ಕದಲ್ಲಿ ಕೂತಿದ್ದ ಗಂಡನನ್ನು ತಮಿಳಿನಲ್ಲಿ ಎಂದಿನಂತೆ ಕೇಳಿದೆ. ಅವರು ಎದೆಯುಬ್ಬಿಸಿದರು. ತಾವು ನಲವತ್ತು ವರ್ಷ ಸಿನಿಮಾ ಪೆಟ್ಟಿಗೆಯ ಜೊತೆ ಓಡಾಡಿದವರು, ಮದರಾಸಿನಿಂದ ರೈಲಿನಲ್ಲಿ ಪೆಟ್ಟಿಗೆ ತಂದು ಊರೂರಿಗೆ ಮುಟ್ಟಿಸುವುದೇ ತಮ್ಮ ಕೆಲಸ, ಒಂದೇ ಒಂದು ಪೆಟ್ಟಿಗೆಯೂ ತಪ್ಪಿದ್ದಿಲ್ಲ ಎಂದರು.

ನನ್ನ ಕೈಯೊಳಗೆ ಹೆಂಡತಿಯ ತಲೆ ಅಲುಗಾಡತೊಡಗಿತು. ತಲೆ ಸುತ್ತು ಬಂತೇ ಎಂದು ಹೆದರಿದೆ. ನೋಡಿದರೆ ಆಕೆ ನಗುತ್ತಿದ್ದರು. ಚೌಕಟ್ಟು ಜಾರಿ ಮಡಿಲಿಗೆ ಬಿತ್ತು.

"ಅದೊಂದು ಬಿಟ್ಟು ಹೇಳ್ತಾ ಇದೀರಿ" ಎಂದರು ಗಂಡನಿಗೆ.

ನಾನು ಗಾಜು ಹಿಡಿದಿದ್ದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದೆ. ಆಕೆ ಆಡಿದ್ದು ಕನ್ನಡ. ನಮ್ಮ ಹಾಗಲ್ಲ, ಹಕಾರವೆಲ್ಲ ಜಾಗದಲ್ಲಿತ್ತು, ಆದರೂ ಕನ್ನಡ. ನೇಕಾರರ ಮನೆಗಳಲ್ಲಿ ಒಂದು ಬಗೆಯ ಕನ್ನಡ ಉಂಟು ಎಂದು ಕೇಳಿದ್ದೆ, ಕಿವಿಯಾರೆ ಕೇಳಿದ್ದು ಅಂದೇ.

"ನಿಮ್ಮದೂ ನಮ್ ಮಾತಾ, ಅಮ್ಮಾ?" ಎಂದೆ.

ಇಬ್ಬರೂ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಯಜಮಾನರು ಎದ್ದುಹೋಗಿ ಬೀದಿ ಬಾಗಿಲನ್ನು ಇಣುಕಿ ನೋಡಿ ಬಂದರು.

"ಮೊದಲು ಬಾಗಿಲು ಹಾಕು ತಾಯಿ" ಎಂದರು. "ನನ್ನ ಮುದಲಾಳಿ ಹೋಗಿ ಮೂವತ್ತು ವರ್ಷ ಆಯ್ತು. ಆದ್ರೂ ಭಯ."

ಮುದಲಾಳಿ ಅಂದರೆ ಅವರ ಕಂಪನಿಯ ಮಾಲೀಕ. ನಾನು ಬಾಗಿಲು ಹಾಕಿ, ಹೊರಗೆ 'ಊಟದ ವಿರಾಮ' ಎಂಬ ಫಲಕ ತಿರುಗಿಸಿದೆ. ಗಂಟೆ ಇನ್ನೂ ಹನ್ನೊಂದಾಗಿರಲಿಲ್ಲ.

ಮಗ್ಗದ ಮನೆಯಲ್ಲಿ ಹುಟ್ಟಿ, ಮಗ್ಗ ಬೇಡವೆಂದು ಸಿನಿಮಾ ಪೆಟ್ಟಿಗೆ ಹೊರಲು ಹೋದ ಹುಡುಗ ಅವರು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಒಂದು ದಿನ ಮದರಾಸಿನ ಕಚೇರಿಯ ಕಟ್ಟೆಯ ಮೇಲೆ ಒಂದೇ ಅಳತೆಯ ಎರಡು ಕಬ್ಬಿಣದ ಪೆಟ್ಟಿಗೆಗಳು ಅಕ್ಕಪಕ್ಕ ಕೂತಿದ್ದವು. ಒಂದು ನಮ್ಮ ಕಡೆಗೆ ಬರಬೇಕಾದ ತಮಿಳು ಚಿತ್ರ. ಇನ್ನೊಂದು ಮೈಸೂರು ಸೀಮೆಗೆ ಹೋಗಬೇಕಾದ ಕನ್ನಡ ಚಿತ್ರ. ಚೀಟಿ ಓದುವಷ್ಟು ತಾಳ್ಮೆ ಹುಡುಗನಿಗಿರಲಿಲ್ಲ. ಮರುದಿನ ಬೆಳಿಗ್ಗೆ ಹೆಣ್ಣು ನೋಡುವುದಿತ್ತು. ಕೈಗೆ ಸಿಕ್ಕಿದ ಪೆಟ್ಟಿಗೆ ಹೊತ್ತು ರೈಲಿಗೆ ಓಡಿದ. ದಿಂಡುಗಲ್ಲಿನಲ್ಲಿ ಇಳಿದು, ಪೆಟ್ಟಿಗೆಯನ್ನು ಕಂಬಂ ಬಸ್ಸಿನ ಕಂಡಕ್ಟರಿಗೆ ಒಪ್ಪಿಸಿ, ಸ್ನಾನವನ್ನೂ ಮಾಡದೆ ಚಿನ್ನಾಳಪಟ್ಟಿಗೆ ಹೋದ.

"ಮುಖದ ತುಂಬ ರೈಲಿನ ಮಸಿ" ಎಂದರು ಹೆಂಡತಿ. "ಬಂದೋರು ಮದುವೆ ಗಂಡಾ, ಇದ್ದಿಲು ಮಾರೋರಾ ಅಂತ ನಮ್ಮವ್ವ ಒಳಗೆ ಬಂದು ಕೇಳಿದ್ಲು. ನಾನು ಕಾಫಿ ಕೊಟ್ಟೆ. ಇವರು ನನ್ನೇ ನೋಡ್ಕೊಂಡು ಲೋಟಾನ ಗಾಳೀಲಿ ಇಟ್ಟರು."

"ಗಾಳೀಲಿ ಇಡಲಿಲ್ಲ. ಪಕ್ಕದಲ್ಲಿ ಮಗ್ಗ ಇತ್ತು, ಅದರ ಮೇಲೆ ಇಟ್ಟೆ."

"ಮಗ್ಗದ ಮೇಲೆ ಮುಕ್ಕಾಲು ಮುಗಿದ ಸೀರೆ ಇತ್ತು. ಪೂರ್ತಿ ಕಾಫಿ."

ಕಲೆಯಾದ ಆ ಸೀರೆಯನ್ನು ಹೇಳಿ ನೇಯಿಸಿದವರು ಒಯ್ಯಲಿಲ್ಲ. ಕೊನೆಗೆ ಅದನ್ನೇ ಉಟ್ಟು ಆಕೆ ಮದುವೆಯಾದರು. ಯಜಮಾನರು ನೀರು ಕುಡಿಯಲು ಒಳಗೆ ಹೋದಾಗ ಆಕೆ ನನ್ನ ಕಿವಿಗೆ ಬಾಯಿಟ್ಟು ಹೇಳಿದರು: "ಲೋಟ ತಳ್ಳಿದ್ದು ನಾನೇ, ಮೊಣಕೈಯಿಂದ. ಕೆಂಪಂಚಿನ ಸೀರೆ. ನೇಯ್ತಾ ನೇಯ್ತಾ ಆಸೆ ಆಗಿತ್ತು. ಅವರಿಗೆ ಹೇಳಬೇಡ, ಅರವತ್ತು ವರ್ಷದಿಂದ ಪಾಪ ತಾನೇ ಚೆಲ್ಲಿದ್ದು ಅಂದ್ಕೊಂಡಿದಾರೆ."

ನಾನು ಗಾಜು ಒರೆಸುವ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡೆ. ಅಷ್ಟರಲ್ಲಿ ಯಜಮಾನರು ಬಂದು ಕೂತು ಮುಂದುವರಿಸಿದರು. ನಾಲ್ಕನೆಯ ದಿನ ಮೈಸೂರು ಸೀಮೆಯಿಂದ ಅವರಿಗೆ ಗುಟ್ಟಾಗಿ ಸುದ್ದಿ ಬಂತು. ಅಲ್ಲಿನ ಜನ ಎರಡು ದಿನ ಮರ್ಯಾದೆಗೆ ತಮಿಳು ನೋಡಿ, ಮೂರನೆಯ ದಿನ ಇದೇನೆಂದು ಕೇಳಿದ್ದರು. ಮುದಲಾಳಿಗೆ ತಿಳಿಯುವ ಮುಂಚೆ ಪೆಟ್ಟಿಗೆ ತಂದುಬಿಡೋಣ ಎಂದು ಹುಡುಗ ಕಣಿವೆಗೆ ಓಡಿದ. ಹನುಮಂತನಪಟ್ಟಿಯಲ್ಲಿ ಟೆಂಟಿನವನು ಕೈಚೆಲ್ಲಿದ. ಪೆಟ್ಟಿಗೆ ಅವನ ಹತ್ತಿರ ಇರಲಿಲ್ಲ. ಹಗಲು ಹೊತ್ತು ಊರವರು ಅದನ್ನು ಒಯ್ದು ಎಲ್ಲೋ ಬಚ್ಚಿಡುತ್ತಿದ್ದರು, ಸಂಜೆ ಆಟದ ಹೊತ್ತಿಗೆ ತಂದುಕೊಡುತ್ತಿದ್ದರು.

"ಒಬ್ಬ ಮುದುಕಿ ನನ್ನ ಹಿಡಿದು ಕೂರಿಸಿದ್ಲು. ಬಾಯ್ತುಂಬ ಎಲೆ ಅಡಿಕೆ. ಪೆಟ್ಟಿ ಕೊಡಿ ಅಂತ ನಾನು ತಮಿಳಲ್ಲಿ ಬೇಡ್ಕೊಂಡೆ. ಅವಳು ಸೊಸೆ ಕಡೆ ತಿರುಗಿ, 'ಈ ಮಗಿನ ಮುಕ ನೋಡು, ಒಟ್ಟೆ ಅಸ್ದದೆ' ಅಂದ್ಲು. ನಾನು ಮರೆತು, 'ಹಸಿವಿಲ್ಲ ಅವ್ವಾ' ಅಂದೆ. ನಮ್ ಮಾತಲ್ಲಿ. ಅಲ್ಲಿ ಕೆಟ್ಟೆ ನೋಡು."

ಅಲ್ಲಿಂದಾಚೆಗೆ ಅವರು ಪೆಟ್ಟಿಗೆಯವನಲ್ಲ, ನೆಂಟ. ನೆಂಟ ಉಣ್ಣದೆ ಹೋಗುವಂತಿಲ್ಲ. ರಾಗಿ ಕಳಿಯ ಮುದ್ದೆ ತಿನ್ನಿಸಿದರು, ಅವರೆಕಾಳಿನ ಸಾರು ಹುಯ್ದರು, ಸಂಜೆ ಆಟಕ್ಕೂ ಎಳೆದುಕೊಂಡು ಹೋಗಿ ಮರಳಿನ ಮೇಲೆ ಕೂರಿಸಿದರು.

"ನೋಡ್ತೀನಿ, ಮೊದಲನೇ ರೀಲಲ್ಲೇ ರಾಜ ಸಾಯ್ತಾ ಇದಾನೆ" ಎಂದರು ಯಜಮಾನರು.

ನಾನು ಗಾಜನ್ನು ಮೇಜಿನ ಮೇಲಿಟ್ಟೆ. "ಮೊದಲನೇ ರೀಲಾ?"

"ಹಿಂದಿನ ಊರಲ್ಲಿ ಆಟ ಮುಗಿದ ಮೇಲೆ ಕೊನೇ ರೀಲು ಮೇಲೆ ಇಟ್ಟು ಮುಚ್ಚಿದಾರೆ. ಡಬ್ಬಿ ಮೇಲೆ ನಂಬರು ಕನ್ನಡದಲ್ಲಿ ಬರೆದಿತ್ತು. ಟೆಂಟಿನ ಆಪರೇಟರಿಗೆ ಅದು ಜಿಲೇಬಿ. ಮೇಲಿಂದ ಒಂದೊಂದೇ ತೆಗೆದು ಓಡಿಸಿದಾನೆ. ಮುಗಿಯೋದು ಮೊದಲು, ಮೊದಲಾಗೋದು ಕೊನೇಗೆ. ನಾನು ಪೆಟ್ಟಿ ಹೊರೋನು, ನನಗೆ ಗೊತ್ತಾಗಲ್ವಾ. ಹೇಳೋಣ ಅಂತ ಎದ್ದೆ."

"ಹೇಳಿದಿರಾ?"

"ಸುತ್ತ ನೋಡಿದೆ. ರಾಜ ಬಾಣ ತಗುಲಿ ಬಿದ್ದ. ಒಬ್ಬರೂ ಅಳ್ತಾ ಇಲ್ಲ. ಮೂರು ದಿನದಿಂದ ನೋಡ್ತಾ ಇದಾರಲ್ಲ. 'ಈಗ ಏಳ್ತಾನೆ, ಈಗ ಏಳ್ತಾನೆ' ಅಂತ ಕೂಸುಗಳಿಂದ ಮುದುಕರ ತನಕ ಚಪ್ಪಾಳೆ ಹೊಡೀತಾ ಇದಾರೆ. ಎದ್ದ. ಹೂವಿನ ಹಾರ ಹಾಕ್ಕೊಂಡು ಮದುವೆಗೆ ಬಂದ. ಟೆಂಟು ಹಾರಿಹೋಗೋ ಹಾಗೆ ಕೂಗು. ನಾನು ಕೂತ್ಕೊಂಡುಬಿಟ್ಟೆ. ನನಗೂ ಮದುವೆ ಗೊತ್ತಾಗಿತ್ತು, ಸಾಯೋದು ಯಾರಿಗೆ ಬೇಕು."

ಮರುದಿನ ಆ ಮುದುಕಿ ಪೆಟ್ಟಿಗೆಯನ್ನು ಕೊಟ್ಟಳು. ಆದರೆ ಬರಿಗೈಯಲ್ಲಿ ಕೊಡಲಿಲ್ಲ. ಗಂಡನ ಮನೆಗೆ ಹೋಗುವ ಮಗಳಿಗೆ ಮಾಡುವ ಹಾಗೆ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಮುಚ್ಚಳ ತೆಗೆದು ಎರಡು ಬೊಗಸೆ ಅಕ್ಕಿ ಸುರಿದು, ಹೂವು ಮುಡಿಸಿ ಬಸ್ಸಿಗೆ ಹತ್ತಿಸಿದಳು. ಹುಡುಗ ದಾರಿಯಲ್ಲಿ ಕುಂಕುಮ ಒರೆಸಿದ, ಹೂವು ಬಿಸಾಡಿದ, ಅಕ್ಕಿಯನ್ನು ಪೂರ್ತಿ ಹೆಕ್ಕಲಾಗಲಿಲ್ಲ. ಬಸ್ಸು ಕೆಟ್ಟು ನಿಂತಿದ್ದರಿಂದ ತಡವಾಯಿತು ಎಂದು ಸುಳ್ಳು ಹೇಳಿದ. ಮುದಲಾಳಿ ಪೆಟ್ಟಿಗೆ ತೆರೆದವನು ಅಕ್ಕಿ ಕಂಡು ಇದೇನು ಎಂದ. ತೇವ ಹೀರಲಿ ಎಂದು ಹಾಕಿದೆ, ರೀಲಿಗೆ ಒಳ್ಳೆಯದು ಎಂದ ಹುಡುಗ. ಮುದಲಾಳಿ ಅವನ ಬೆನ್ನು ತಟ್ಟಿದ. ಆಮೇಲೆ ಆ ಕಂಪನಿಯಿಂದ ಹೊರಟ ಪ್ರತಿ ಪೆಟ್ಟಿಗೆಯಲ್ಲೂ ಬಹಳ ವರ್ಷ ಒಂದು ಹಿಡಿ ಅಕ್ಕಿ ಇರುತ್ತಿತ್ತು.

"ಅದೆಲ್ಲಿಂದ ಬಂದ ಪದ್ಧತಿ ಅಂತ ಯಾರಿಗೂ ಗೊತ್ತಿಲ್ಲ" ಎಂದರು. "ಕೊನೆ ಕೊನೆಗೆ ಹೊಸ ಹುಡುಗರು ನನಗೇ ಕಲಿಸೋಕೆ ಬರೋರು. ಅಯ್ಯಾ, ಅಕ್ಕಿ ಹಾಕಿಲ್ಲ ಅಂತ."

ಇಷ್ಟು ಹೇಳುವ ಹೊತ್ತಿಗೆ ನಾವು ಮೂವರೂ ನಗುತ್ತ ಹೊಟ್ಟೆ ಹಿಡಿದುಕೊಂಡು ಕೂತಿದ್ದೆವು. ಹೊರಗೆ ಗಿರಾಕಿಯೊಬ್ಬರು ಗಾಜಿನ ಬಾಗಿಲಿಗೆ ಮುಖವಿಟ್ಟು ನೋಡಿ, ಇದು ಊಟದ ವಿರಾಮವಲ್ಲ ಎಂದು ತೀರ್ಮಾನಿಸಿ ಹೊರಟುಹೋದರು. ನಾನು ಅಲ್ಲಿಂದಲೇ ಬಾವನಿಗೆ ಫೋನ್ ಮಾಡಿದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ.

"ಆ ತಾತಂಗೂ ವಯಸ್ಸಾಗ್ಯದೆ ಅಲ್ವಾ" ಎಂದ ಬಾವ.

ಫೋನನ್ನು ಅತ್ತೆ ಕಿತ್ತುಕೊಂಡದ್ದು ಕೇಳಿಸಿತು. "ಆ ಅಣ್ಣನ್ನ ಕರ್ಕೊಂಡು ಬಾ. ಈ ಬಾನುವಾರನೇ" ಎಂದಳು.

ಭಾನುವಾರ ಒಂದು ಬಾಡಿಗೆ ಕಾರು ಮಾಡಿಕೊಂಡು ಚಿನ್ನಾಳಪಟ್ಟಿಯಿಂದ ಇಬ್ಬರನ್ನೂ ಹತ್ತಿಸಿಕೊಂಡೆ. ವತ್ತಲಗುಂಡು ದಾಟುವ ತನಕ ಯಜಮಾನರು ಹೆದರಿಕೊಂಡಿದ್ದರು. ಆ ಕಣಿವೆಯವರು ಮತ್ತೆ ಹಿಡಿದು ಕೂರಿಸಿದರೆ ಏನು ಗತಿ ಎಂದರು. ಹೆಂಡತಿ, ಈ ಸಲ ಕೂರಿಸಿಕೊಳ್ಳಲಿ, ನಾನು ಬಸ್ಸಿಗೆ ವಾಪಸು ಬರುತ್ತೇನೆ ಎಂದರು. ತೇನಿಯಲ್ಲಿ ಚಹಾ ಕುಡಿದೆವು. ಚಿನ್ನಮನೂರು ಕಳೆದು ದ್ರಾಕ್ಷಿ ಚಪ್ಪರಗಳು ಶುರುವಾದ ಮೇಲೆ ಅವರು ಕಿಟಕಿಗೆ ಹಣೆ ಹಚ್ಚಿದವರು ತೆಗೆಯಲೇ ಇಲ್ಲ.

ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಹೊಸ ಸೀರೆ ಉಟ್ಟು ತಲೆತುಂಬ ಕನಕಾಂಬರ ಮುಡಿದಿದ್ದಳು. ಕಾರಿನಿಂದ ಇಳಿದ ಎತ್ತರದ ಮುದುಕನನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ನಮ್ಮಜ್ಜಿ ಕೈಲಿ ಮೂರು ಉಂಡೆ ಕಳಿ ತಿಂದೋರು ನೀವೇನಾ ಅಣ್ಣಾ? ಮೂಲೇಲಿ ನಿಂತ್ಕೊಂಡು ನಾನು ಎಣಿಸ್ತಾ ಇದ್ದೆ."

"ನಾಲ್ಕು" ಎಂದರು ಅವರು. "ಕೊನೇದನ್ನ ನೀನು ಎಣಿಸಿಲ್ಲ."

ಅತ್ತೆ ಮಗನ ಕಡೆ ತಿರುಗಿದಳು. ಬಾವ ತಲೆ ಕೆರೆದುಕೊಂಡು ಒಳಗೆ ಹೋಗಿ, ಕೈಗೆ ಸಿಕ್ಕಿದ ಅತಿ ದೊಡ್ಡ ತಟ್ಟೆಯ ತುಂಬ ದ್ರಾಕ್ಷಿ ತಂದು ಅತಿಥಿಗಳ ಮುಂದಿಟ್ಟ. ಆಮೇಲೆ ಇನ್ನೊಂದು ತಟ್ಟೆ ತಂದು ತಾಯಿಯ ಮುಂದಿಟ್ಟ. ಮನೆಯಲ್ಲಿ ದ್ರಾಕ್ಷಿಯ ರಾಶಿಯೇ ಬಿದ್ದಿತ್ತು, ಅತ್ತೆ ಅದನ್ನು ಮುಟ್ಟುವವಳೂ ಅಲ್ಲ. ಆ ಹೊತ್ತು ಮಾತ್ರ ಒಂದೊಂದೇ ಹಣ್ಣು ಬಿಡಿಸಿಕೊಂಡು, ಮಗನ ಮುಖ ನೋಡುತ್ತ, ಪೂರ್ತಿ ತಿಂದಳು.

ಊಟವಾದ ಮೇಲೆ, ವಿಷಯ ತಿಳಿದು ಹಾಸ್ಟೆಲಿನಿಂದ ಬಂದಿದ್ದ ಬಾವನ ಮಗಳು ಯಜಮಾನರ ಹತ್ತಿರ ಬಂದು ಆ ಚಿತ್ರದ ಹೆಸರೇನು ಎಂದು ಕೇಳಿದಳು. ಅವರು ಅತ್ತಿತ್ತ ನೋಡಿ ಅವಳ ಕಿವಿಯಲ್ಲಿ ಹೇಳಿದರು. ನನಗೂ ಹೇಳಿದ್ದಾರೆ, ಬರೆಯಬಾರದೆಂದು ಮಾತು ತೆಗೆದುಕೊಂಡಿದ್ದಾರೆ. ಹುಡುಗಿ ಎರಡು ನಿಮಿಷ ಕಂಪ್ಯೂಟರಿನಲ್ಲಿ ಹುಡುಕಿ ತಂತಿಯನ್ನು ಟೀವಿಗೆ ಸಿಕ್ಕಿಸಿದಳು. ಅರವತ್ತು ಚಿಲ್ಲರೆ ವರ್ಷದ ಹಿಂದಿನ ರಾಜ ಅತ್ತೆಯ ನಡುಮನೆಗೆ ಬಂದುಬಿಟ್ಟ.

ಈ ಸಲ ಅವನು ಸರಿಯಾಗಿ ಬಂದ. ಮೊದಲು ತೊಟ್ಟಿಲು.

"ಆ, ಇದೇ, ಇದೇ ಕೂಸು" ಎಂದಳು ಅತ್ತೆ. ಕಣ್ಣಲ್ಲಿ ನೀರು. "ಮುಗೀತಾ? ಇಷ್ಟೇನಾ?"

"ಈಗ ಶುರು ಅಜ್ಜಿ" ಎಂದಳು ಹುಡುಗಿ ತಮಿಳಿನಲ್ಲಿ.

ಅತ್ತೆ ಒಲ್ಲದ ಮನಸ್ಸಿನಿಂದ ಕೂತಳು. ಬಿಲ್ಲುವಿದ್ಯೆ ಆಯಿತು. ಹುಡುಗಿಯನ್ನು ಕಂಡದ್ದಾಯಿತು. ಮದುವೆಯಾಯಿತು. ಅತ್ತೆ ಕೂತಲ್ಲೇ ಮಿಸುಕಾಡತೊಡಗಿದಳು. ಯಜಮಾನರಿಗೂ ಸಮಾಧಾನವಿರಲಿಲ್ಲ. ಕೊನೆಗೆ ಬಾಣ ಬಂತು, ರಾಜ ಬಿದ್ದ, ರಾಣಿ ಅತ್ತಳು, ಪರದೆಯ ಮೇಲೆ ಶುಭಂ ಎಂದು ಬಂತು.

"ಆಮೇಲೆ?" ಎಂದಳು ಅತ್ತೆ.

"ಆಮೇಲೆ ಏನೂ ಇಲ್ಲ. ಮುಗೀತು" ಎಂದ ಬಾವ. "ಅಲ್ಲಿ ಶುಭಂ ಅಂತ ಬರ್ದದೆ."

"ಸತ್ತೋದೋನ್ಗೆ ಯಾರಾದ್ರೂ ಶುಭಂ ಅಂತ ಬರೀತಾರಾ?" ಎಂದಳು ಅತ್ತೆ. "ಇದು ಏನ್ ಪಡ? ಚಿಕ್ಕ ಕೂಸಿಂದ ಸಾಕಿ ಬೆಳೆಸಿ ಸಾಯಿಸ್ಬುಟ್ರಲ್ಲ."

"ಇವರು ತಪ್ಪಾಗಿ ಓಡಿಸಿದಾರಮ್ಮ" ಎಂದರು ಯಜಮಾನರು ಗಂಭೀರವಾಗಿ. ನಲವತ್ತು ವರ್ಷ ಪೆಟ್ಟಿಗೆ ಹೊತ್ತವರ ಮಾತು ಅದು, ಎದುರಾಡುವವರಿರಲಿಲ್ಲ.

ಹುಡುಗಿ ನಗು ತಡೆದುಕೊಂಡು ಮತ್ತೆ ಕಂಪ್ಯೂಟರಿನ ಮುಂದೆ ಕೂತಳು. ಚಿತ್ರವನ್ನು ಹತ್ತು ಹತ್ತು ನಿಮಿಷಕ್ಕೆ ತುಂಡು ಮಾಡಿ ಕೊನೆಯ ತುಂಡಿನಿಂದ ಹಾಕತೊಡಗಿದಳು. ಯಜಮಾನರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ರೀಲು ಎಲ್ಲಿ ಕತ್ತರಿಸಬೇಕೆಂದು ಬೆರಳು ತೋರಿಸುತ್ತಿದ್ದರು. ರಾಜ ಸತ್ತ. ಅತ್ತೆ ಕೈ ಎತ್ತಿಕೊಂಡು ಕಾದಳು. ಯಜಮಾನರ ಹೆಂಡತಿಯೂ ಕೈ ಎತ್ತಿದರು. ಹುಡುಗಿ ಮುಂದಿನ ತುಂಡು ಒತ್ತಿದಳು, ರಾಜ ಹೂವಿನ ಹಾರ ಹಾಕಿಕೊಂಡು ನಗುತ್ತ ನಡೆದು ಬಂದ. "ಎದ್ದ, ಎದ್ದ, ಎದ್ದ್ಬುಟ್ಟ" ಎಂದು ಕೂಗಿದವಳು ಅತ್ತೆಯಲ್ಲ, ಆ ಹುಡುಗಿ. ಬಾಯಿಂದ ನಮ್ಮ ಮಾತು ಬಂದದ್ದು ಅವಳಿಗೇ ಗೊತ್ತಾಗಿರಲಿಕ್ಕಿಲ್ಲ. ಬಾವ ಚಪ್ಪಾಳೆ ಹೊಡೆಯುತ್ತಿದ್ದ. ಯಜಮಾನರ ಹೆಂಡತಿಗೆ ನಕ್ಕು ನಕ್ಕು ಬಿಕ್ಕಳಿಕೆ ಹತ್ತಿ, ಚೊಂಬು ನೀರು ಕುಡಿಸಿ ಬೆನ್ನು ಸವರಬೇಕಾಯಿತು. ನನಗೆ ಪಕ್ಕೆಗಳು ಎರಡು ದಿನ ನೋಯುತ್ತಿದ್ದವು.

ಈಗ ಪ್ರತಿ ಭಾನುವಾರ ಮಧ್ಯಾಹ್ನ ಅತ್ತೆಯ ನಡುಮನೆಯಲ್ಲಿ ಒಂದು ಕನ್ನಡ ಸಿನಿಮಾ ಓಡುತ್ತದೆ, ಕೊನೆಯಿಂದ ಮೊದಲಿಗೆ. ಅಕ್ಕಪಕ್ಕದ ನಾಲ್ಕೈದು ಹೆಂಗಸರು ಬಂದು ಸೇರಿಕೊಳ್ಳುತ್ತಾರೆ. ಹುಡುಗಿ ಕಾಲೇಜಿನ ಹಾಸ್ಟೆಲಿನಿಂದಲೇ ತುಂಡು ಮಾಡಿ ಕಳಿಸುತ್ತಾಳೆ, ಬಾವ ಹಾಕುತ್ತಾನೆ. ಹೋದ ವಾರ ನೋಡಿದ್ದು ಕೊಲೆಯ ಚಿತ್ರ. ಸೋಮವಾರ ಬೆಳಿಗ್ಗೆ ನಾನು ಅಂಗಡಿ ಗುಡಿಸುತ್ತಿದ್ದಾಗ ಅತ್ತೆಯ ಫೋನ್ ಬಂತು.

"ಪೋಲೀಸ್ನೋರು ಮೊದ್ಲೇ ಅವ್ನ್ನ ಇಡ್ದುಬುಟ್ರು ತಾಯಿ. ಆಮೇಲೆ ಎಲ್ಲಾರೂ ಯಾರು ಕೊಂದ್ರು, ಯಾರು ಕೊಂದ್ರು ಅಂತ ಉಡುಕ್ತಾ ಅವ್ರೆ. ಅವ್ನೇ ಅವ್ನೇ ಅಂತ ನಾವು ಏಳ್ತಾನೇ ಇದೀವಿ, ಅವ್ರಿಗೆ ಕೇಳ್ಬೇಕಲ್ಲ. ಕೊನೇಗೆ ಸತ್ತೋನು ಮನೆಯಿಂದ ಈಚೆ ಬಂದು, ಎಂಡ್ತೀಗೆ ಕೈ ಬೀಸ್ಕೊಂಡು, ಸೈಕಲ್ ಅತ್ತಿ ಒಂಟೋದ. ಎಷ್ಟು ಚೆಂದಾಗಿತ್ತು ಗೊತ್ತಾ."